ಮೂವತ್ತು ಮಾರು ಹಗ್ಗ

ಗಂಗೊಳ್ಳಿ
9 ಮಾರ್ಚ್ 2025

ವಿನಯಾ,

ಮೂರು ವರ್ಷದ ಮೇಲೆ ಅಪ್ಪಯ್ಯನ ಅಕ್ಷರ ಕಂಡು ಹೆದರಬೇಡ. ಯಾರಿಗೂ ಏನೂ ಆಗಿಲ್ಲ. ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ನನಗೆ ಕಿವಿ ಮುಕ್ಕಾಲು ಹೋಗಿದೆ, ಅಷ್ಟೆ. ಆಯಸ್ಸೆಲ್ಲ ಬೋಟಿನ ಎಂಜಿನ್ ಪಕ್ಕ ನಿಂತು, ಹಗ್ಗ ಸುತ್ತಿ ಎಳೆಯುವ ವಿಂಚ್ ನಡೆಸಿ ಬಲೆ ಎಳೆದದ್ದಕ್ಕೆ ಸಿಕ್ಕಿದ ಬಹುಮಾನ ಅದು. ಹತ್ತಿರ ಬಂದು ಕೂಗಿದರೆ ಕೇಳುತ್ತದೆ, ಫೋನು ಕಿವಿಗಿಟ್ಟರೆ ಬರೀ ಗಾಳಿ. ಅದಕ್ಕೇ ಈ ಕಾಗದ.

ನಿನ್ನೆ ತ್ರಾಸಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನನ್ನ ತಂಗಿಯ ಮಗ ಸುಜನ್ ಪಕ್ಕದಲ್ಲಿ ಕೂತಿದ್ದ. ಫೋನು ನನ್ನ ಮೂಗಿನ ಹತ್ತಿರ ಹಿಡಿದು ಕಿವಿಗೆ ಬಾಯಿಟ್ಟು ಕೂಗಿದ, "ಮಾವಾ, ಇದ್ ಕಾಣಿ, ಬೈಂದೂರ್ ಬದಿ ಗುಡ್ಡಿ, ಜೀಪ್ ಹ್ಯಾಂಗ್ ಜಾರ್ತ್ ಕಾಣಿ!" ನಾನು ಕಂಡೆ. ಕೆಂಪು ಜೇಡಿಮಣ್ಣಿನ ಏರು. ತುಂಬ ಜನ ಹೇರಿದ ಒಂದು ಜೀಪು ಮೂಗು ಮೇಲೆ ಮಾಡಿಕೊಂಡು ಹಿಂದಕ್ಕೆ ಹಿಂದಕ್ಕೆ ಜಾರುತ್ತಿದೆ. ಸುತ್ತಲಿನವರು ನಗುತ್ತಿದ್ದರು, ನಾನೂ ನಗುವುದರಲ್ಲಿದ್ದೆ. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂತ ಹೆಂಗಸು ಮುಖ ತಿರುಗಿಸಿದಳು. ನೀನು!

ನನ್ನ ಕೈಯ ತುತ್ತು ಎಲೆಗೆ ಬಿತ್ತು. ನಿನ್ನ ಅಮ್ಮ ಜಲಜಳಿಗೆ ತೋರಿಸಿದೆ. ಅವಳು ಅಲ್ಲೇ, ಪಾಯಸ ಬಡಿಸುವವರ ಎದುರಿಗೇ ಅತ್ತುಬಿಟ್ಟಳು. ಅದು ಕಳೆದ ಮಳೆಗಾಲದ್ದಂತೆ. ಇಷ್ಟು ತಿಂಗಳಿಂದ ಊರೆಲ್ಲ ನೋಡಿ ನಕ್ಕದ್ದನ್ನು ನಾನು ನಿನ್ನೆ ನೋಡಿದೆ.

ಆ ವಾಹನದ ಎದುರಿಗೆ ವಿಂಚ್ ಯಾಕಿಲ್ಲ? ಬಂಪರಿಗೆ ಒಂದು ವಿಂಚ್ ಕಟ್ಟಿ, ಹಗ್ಗದ ತುದಿಯನ್ನು ಮೇಲಿನ ಮರಕ್ಕೆ ಹಾಕಿದರೆ ವಾಹನ ತನ್ನನ್ನು ತಾನೇ ಎಳೆದುಕೊಂಡು ಬರುತ್ತದೆ. ಇಷ್ಟೂ ಗೊತ್ತಿಲ್ಲದ ಮೇಲೆ ನಿನ್ನನ್ನು ಕಟ್ಟಿಕೊಂಡ ಆತ ಜೀಪು ಓಡಿಸುವುದು ಯಾವ ಧೈರ್ಯದ ಮೇಲೆ? ಆತನಿಗೆ ಹೇಳು. ಬರುವ ಮಳೆಗಾಲಕ್ಕೆ ಮುಂಚೆ ಆಗಬೇಕು.

ನಿನ್ನ ಅಪ್ಪಯ್ಯ
ಶೇಖರ


ಕಲ್ಲುಮಕ್ಕಿ, ಬೈಂದೂರು ತಾಲೂಕು
20 ಮಾರ್ಚ್ 2025

ಅಪ್ಪಯ್ಯನಿಗೆ,

ನಿಮ್ಮ ಕಾಗದ ಬಂತು. ಹೆದರಬೇಡ ಎನ್ನುವ ಸಾಲನ್ನು ಓದುವ ಮೊದಲೇ ಹೆದರಿ ಆಗಿತ್ತು. ಅಂಚೆಯವನು ಹೋದ ಮೇಲೂ ಒಡೆಯದೆ, ನಾನು ಕೆಲಸ ಮಾಡುವ ಹಾಲು ಸೊಸೈಟಿಯ ಮೇಜಿನ ಮೇಲಿಟ್ಟು ನೋಡುತ್ತ ಕೂತಿದ್ದೆ. ನೀವು ನನ್ನ ಹೆಸರು ಬರೆದು ಮೂರು ವರ್ಷವಾಗಿತ್ತಲ್ಲ.

ಆ ವಿಡಿಯೋ ನಿಜ. ಅದು ಜಾರುಗುಡ್ಡೆ. ನಮ್ಮ ಕಲ್ಲುಮಕ್ಕಿಗೂ ಕೆಳಗಿನ ಬಸ್ ಸ್ಟಾಪಿಗೂ ನಡುವೆ ಇರುವುದು ಅದೊಂದೇ ದಾರಿ. ಮೇಲೆ ಹದಿನೆಂಟು ಮನೆಗಳಿವೆ. ಹಾಲಿನ ಕ್ಯಾನು, ರಬ್ಬರ್ ಶೀಟು, ರೇಷನ್ ಅಕ್ಕಿ, ಶಾಲೆ ಮಕ್ಕಳು, ಬಾಣಂತಿಯರು, ಎಲ್ಲರೂ ಎಲ್ಲವೂ ಇಳಿಯುವುದು ಹತ್ತುವುದು ಇವರ ಜೀಪಿನಲ್ಲೇ. ಇವರಿಗೆ ಅದೇ ಅನ್ನ. ಅವತ್ತು ದೇವರು ದೊಡ್ಡವನು, ಕೆಳಗಿನ ಬಂಡೆಗೆ ಒರಗಿ ನಿಂತಿತು. ಅಲ್ಲಿಂದೀಚೆ ಮಳೆ ಬಂದ ಸಂಜೆ ಜೀಪಿನ ಸದ್ದು ಏರು ದಾಟಿ ಅಂಗಳಕ್ಕೆ ಬರುವವರೆಗೂ ನಾನು ಒಲೆ ಹಚ್ಚುವುದಿಲ್ಲ. ಹಚ್ಚಲು ಕೈ ಬರುವುದಿಲ್ಲ.

ವಿಂಚ್ ವಿಚಾರ ಇವರಿಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಹೋದ ವರ್ಷದಿಂದ ಅದನ್ನೇ ಧ್ಯಾನ ಮಾಡುತ್ತಿದ್ದಾರೆ. ಎಷ್ಟು ತೂಕ ಎಳೆಯುವುದನ್ನು ತರಬೇಕು ಎನ್ನುವಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದಕ್ಕೇ ತಡವಾದದ್ದು. ನೀವು ಕೇಳಿದಿರಿ ಎಂದು ಹೇಳಿದೆ. ಅವರು ನಕ್ಕು, "ಮಾವ ಕೇಂಡ್ರಾ? ಹಂಗಾರ್ ಈ ವರ್ಷ ತಂದೇ ಬಿಡುವ" ಎಂದರು. ಆ ನಗು ನೀವು ನೋಡಬೇಕಿತ್ತು.

ಅವರ ಹೆಸರು ಯತೀಶ್, ಅಪ್ಪಯ್ಯ.

ವಿನಯಾ


ಗಂಗೊಳ್ಳಿ
2 ಏಪ್ರಿಲ್ 2025

ವಿನಯಾ,

ಮೊನ್ನೆ ನಾನೂ ನಿನ್ನ ಅಮ್ಮನೂ ಬ್ರಹ್ಮಾವರಕ್ಕೆ ಹೋಗಿ ಬಂದೆವು. ಅಲ್ಲಿ ಇಂಥ ಗುಡ್ಡ ಹತ್ತುವ ವಾಹನಗಳ ಸಾಮಾನು ಮಾರುವ ಅಂಗಡಿ ಇದೆ. ಹರ್ಷ ಎನ್ನುವ ಹುಡುಗನದ್ದು. ಒಳಗೆ ಕಾಲಿಟ್ಟವನಿಗೆ ತಲೆ ತಿರುಗಿತು. ನಾನು ಮೈಯೆಲ್ಲ ಗ್ರೀಸು ಮಾಡಿಕೊಂಡು ನಡೆಸಿದ ವಿಂಚ್ ಎಲ್ಲಿ, ಇಲ್ಲಿ ಗಾಜಿನ ಕಪಾಟಿನಲ್ಲಿ ದೀಪ ಹಾಕಿ ಇಟ್ಟ ವಿಂಚ್ ಎಲ್ಲಿ! ಮದುಮಗಳ ಒಡವೆ ಇಟ್ಟ ಹಾಗೆ ಇಟ್ಟಿದ್ದಾರೆ.

ಒಂದರ ಮೇಲೆ ಒಂಬತ್ತೂವರೆ ಸಾವಿರ ಎಂದು ಬರೆದಿತ್ತು. ಜೋಳಿಗೆಯಲ್ಲಿ ಹೊರಬಹುದಾದ ಈ ಯಂತ್ರ ಒಂಬತ್ತೂವರೆ ಟನ್ನು ಎಳೆಯುತ್ತದೆಯೇ! ನಾನು ಬಾಯಿ ಬಿಟ್ಟು ನಿಂತದ್ದನ್ನು ಕಂಡು ಹರ್ಷ ಕಿವಿಯ ಹತ್ತಿರ ಬಂದು ಕೂಗಿದ, "ಹ್ವಾಯ್, ಅದ್ ಕೇಜಿ ಅಲ್ಲ, ಪೌಂಡ್! ನಮ್ಮ ಲೆಕ್ಕದಗೆ ನಾಲ್ಕ್ ಟನ್ ಚಿಲ್ರೆ ಆತ್ತ್!" ಅರ್ಧಕ್ಕಿಂತ ಕಡಿಮೆ. ಗೊತ್ತಿಲ್ಲದವನು ಆರು ಸಾವಿರ ಎಂದು ಬರೆದದ್ದನ್ನು ಆರು ಟನ್ನು ಎಂದು ತಿಳಿದು ಕೊಂಡುಹೋದರೆ ಗತಿಯೇನು? ಅದು ಎರಡು ಮುಕ್ಕಾಲು ಟನ್ನೂ ಎಳೆಯುವುದಿಲ್ಲ.

ಆದ್ದರಿಂದ ಕೇಳು. ಅಲ್ಲಿದ್ದವುಗಳಲ್ಲಿ ದೊಡ್ಡದು ಹನ್ನೆರಡು ಸಾವಿರ ಪೌಂಡಿನದು. ಅದನ್ನೇ ತರಬೇಕು. ಎಳೆಯುವ ಯಂತ್ರ ದೊಡ್ಡದಿದ್ದಷ್ಟು ಒಳ್ಳೆಯದು. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ? ಜೀಪಿನ ತೂಕ ಎಷ್ಟು, ಜನ ಎಷ್ಟು ಹತ್ತುತ್ತಾರೆ, ಎಲ್ಲ ಬರೆದು ಕಳಿಸು. ಉಳಿದದ್ದು ನನಗೆ ಬಿಡು.

ನಿನ್ನ ಅಮ್ಮ ಉಪ್ಪಿನಕಾಯಿ ಹಾಕಿದ್ದಾಳೆ. ಬಸ್ಸಿನಲ್ಲಿ ಕಳಿಸುತ್ತಾಳಂತೆ.

ಅಪ್ಪಯ್ಯ


ಕಲ್ಲುಮಕ್ಕಿ
15 ಏಪ್ರಿಲ್ 2025

ಅಪ್ಪಯ್ಯನಿಗೆ,

ನೀವು ನನಗಾಗಿ ಬ್ರಹ್ಮಾವರದವರೆಗೆ ಹೋದಿರಿ ಎಂದು ಓದಿ ಎರಡು ದಿನ ನನಗೆ ಬೇರೆ ಕೆಲಸ ಹತ್ತಲಿಲ್ಲ. ಉಪ್ಪಿನಕಾಯಿ ಬಂತು. ಕಂಡಕ್ಟರ್ ಮಹಾಶಯ ಮುಚ್ಚಳ ತೆಗೆದು ರುಚಿ ನೋಡಿ ಕೊಟ್ಟಿದ್ದಾನೆ, ಅಮ್ಮನಿಗೆ ಹೇಳಬೇಡಿ.

ಲೆಕ್ಕ ಬರೆಯುತ್ತೇನೆ, ಇದು ಯತೀಶ್ ಹೇಳಿದ್ದು. ಜೀಪಿನ ಬರೀ ತೂಕ ಹಿಡಿಯಬಾರದಂತೆ. ಜನ, ಅಕ್ಕಿ, ಹಾಲು, ಡೀಸೆಲ್ ಎಲ್ಲ ಸೇರಿಸಿ ತುಂಬಿದ ಜೀಪಿನ ತೂಕ ಹಿಡಿಯಬೇಕು. ನಮ್ಮದು ಎರಡೂವರೆ ಟನ್ನಿನ ಮೇಲೆ ಹೋಗುತ್ತದೆ. ಅದರ ಒಂದೂವರೆಪಟ್ಟು ಎಳೆಯುವ ವಿಂಚ್ ಬೇಕು, ಏಕೆಂದರೆ ಕೆಸರು ಹಿಡಿದುಕೊಳ್ಳುತ್ತದೆ, ಏರು ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ನಾಲ್ಕು ಟನ್ನಿನ ಹತ್ತಿರ. ನೀವು ಬೆರಗಾಗಿ ನೋಡಿದ ಆ ಒಂಬತ್ತೂವರೆ ಸಾವಿರದ್ದೇ ಸರಿಯಾದದ್ದು.

ಹನ್ನೆರಡು ಸಾವಿರದ್ದು ಯಾಕೆ ಬೇಡ ಎಂದು ನಾನೂ ಕೇಳಿದೆ. ಅದರ ಭಾರ ಪೂರ್ತಿ ಜೀಪಿನ ಮೂಗಿನ ಮೇಲೆ ಕೂರುತ್ತದೆ, ಜೇಡಿಯಲ್ಲಿ ಮುಂದಿನ ಚಕ್ರ ಇನ್ನಷ್ಟು ಹೂತುಹೋಗುತ್ತದೆ. ಮತ್ತೆ ಅದು ಬ್ಯಾಟರಿಯನ್ನು ನೀರು ಕುಡಿದ ಹಾಗೆ ಕುಡಿಯುತ್ತದೆ. ನಮ್ಮದು ಹಳೆಯ ಜೀಪು. ಇವರು ಹೇಳಿದ್ದು ಹೀಗೆ: "ಬೋಟಿಗೆ ಎಂಜಿನ್ ಇತ್ತ್, ಎಷ್ಟ್ ಬೇಕಾರೂ ಕೊಡ್ತ್. ಜೀಪಿಗೆ ಇಪ್ಪುದ್ ಒಂದ್ ಬ್ಯಾಟರಿ."

ನಿಮಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಆದರೂ ಹರ್ಷನ ಅಂಗಡಿಯಿಂದ ಒಂಬತ್ತೂವರೆ ಸಾವಿರದ್ದನ್ನೇ ತಂದಾಯಿತು. ತೆಕ್ಕಟ್ಟೆಯಲ್ಲಿ ಇವರ ಸ್ನೇಹಿತ ರತೀಶನ ಗ್ಯಾರೇಜಿನಲ್ಲಿ ಕೂರಿಸಿದರು. ಮೊನ್ನೆ ಜಾರುಗುಡ್ಡೆಗೆ ಟ್ಯಾಂಕರಿನಿಂದ ನೀರು ಬಿಡಿಸಿ, ಕೆಸರು ಮಾಡಿ, ಜನ ಹತ್ತಿಸಿ ಎಳೆಸಿ ನೋಡಿದರು. ಹಲಸಿನ ಮರಕ್ಕೆ ಹಗ್ಗ ಹಾಕಿದರು, ಜೀಪು ಆನೆಯ ಹಾಗೆ ನಿಧಾನಕ್ಕೆ ಮೇಲೆ ಬಂತು. ಊರಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಮನೆಗೆ ಬಂದು ಹಗಲಲ್ಲೇ ಒಲೆ ಹಚ್ಚಿದೆ.

ವಿನಯಾ


ಗಂಗೊಳ್ಳಿ
8 ಮೇ 2025

ವಿನಯಾ,

ಸಿಟ್ಟು ಬಂದದ್ದು ಹೌದು, ಇಳಿದದ್ದೂ ಹೌದು. ಎಳೆಯಿತು ಎಂದಮೇಲೆ ನಾನು ಬಾಯಿ ಮುಚ್ಚಿದೆ. ಆದರೆ ಮೊನ್ನೆ ಸುಜನ್ ನಿಮ್ಮ ವಿಂಚಿನ ಫೋಟೋ ತೋರಿಸಿದ. ಅದನ್ನು ಕಂಡ ಮೇಲೆ ಊಟ ಸೇರಲಿಲ್ಲ. ಅದೇನು ಹಗ್ಗವೋ ಜನಿವಾರವೋ? ಎಷ್ಟು ಮಾರು ಎಂದು ಹರ್ಷನಿಗೆ ಸುಜನ್ ಕೈಲಿ ಫೋನು ಮಾಡಿಸಿ ಕೇಳಿದೆ. ಹದಿನಾಲ್ಕು ಮಾರಂತೆ! ಕೈ ಅಗಲಿಸಿ ಹದಿನಾಲ್ಕು ಸಲ ಅಳೆದರೆ ಮುಗಿಯಿತು. ಇಷ್ಟನ್ನು ನಂಬಿ ಜೀವ ಕಟ್ಟುವುದೇ?

ಮಗಳೇ, ಕಡಲಿಗೆ ಹೋದ ಯಾರನ್ನು ಬೇಕಾದರೂ ಕೇಳು. ಹಗ್ಗ ಗಿಡ್ಡ ಇದ್ದವನು ಮನೆಗೆ ಬಂದಿಲ್ಲ. ಹತ್ತಿರದ ಮರ ಬಿದ್ದು ಹೋದರೆ ದೂರದ್ದಕ್ಕೆ ಹಾಕಬೇಡವೇ? ನಾನು ನಡೆಸಿದ ಬೋಟಿನಲ್ಲಿ ವಿಂಚಿನ ಹಗ್ಗ ಸುತ್ತುವ ಡ್ರಮ್ಮು ಅಂಚಿನವರೆಗೆ ತುಂಬಿರುತ್ತಿತ್ತು. ಖಾಲಿ ಡ್ರಮ್ಮು ಇಟ್ಟುಕೊಂಡು ನಾನು ಒಂದು ದಿನವೂ ಬಂದರು ಬಿಟ್ಟವನಲ್ಲ.

ಬಂದರಿನಲ್ಲಿ ಹೊಸ ನಮೂನೆಯ ನೂಲಿನ ಹಗ್ಗ ಬಂದಿದೆ. ಉಕ್ಕಿನಷ್ಟು ಗಟ್ಟಿ, ನೀರಿನಲ್ಲಿ ತೇಲುತ್ತದೆ, ಕೈಗೆ ಮುಳ್ಳು ಚುಚ್ಚುವುದಿಲ್ಲ. ಮೂವತ್ತು ಮಾರು ತಂದು, ತುದಿಗೆ ಕೊಕ್ಕೆ ಸಿಕ್ಕಿಸುವ ಕಣ್ಣು, ಅಂದರೆ ಕುಣಿಕೆ, ನಾನೇ ಹೆಣೆದಿದ್ದೇನೆ. ಒಂದು ವಾರ ಹಿಡಿಯಿತು, ದೃಷ್ಟಿ ಮೊದಲಿನ ಹಾಗಿಲ್ಲ. ನಾಳೆ ಬೆಳಗ್ಗಿನ ಬಸ್ಸಿಗೆ ಕೊಡುತ್ತೇನೆ. ಇರುವ ಹಗ್ಗ ಕಿತ್ತು ಇದನ್ನು ಪೂರ್ತಿ ಸುತ್ತಬೇಕು, ಪೂರ್ತಿ. ಆತನಿಗೆ ಹೇಳು.

ಮದುವೆಗೆ ನಾನು ಏನೂ ಕೊಟ್ಟಿರಲಿಲ್ಲ. ಇದನ್ನು ಕೊಟ್ಟದ್ದು ಎಂದು ತಿಳಿಯಿರಿ.

ಅಪ್ಪಯ್ಯ


ಕಲ್ಲುಮಕ್ಕಿ
20 ಮೇ 2025

ಅಪ್ಪಯ್ಯನಿಗೆ,

ಹಗ್ಗ ಬಂತು. ಯತೀಶ್ ಕೆಳಗೆ ಬಸ್ಸಿನ ತನಕ ತಾವೇ ಹೋಗಿ ತಂದರು. ಅಂಗಳದಲ್ಲಿ ಬಿಚ್ಚಿ ಹಾಕಿ, ನೀವು ಹೆಣೆದ ಕಣ್ಣನ್ನು ಬೆರಳಿನಿಂದ ಸವರಿ ಸವರಿ ನೋಡಿದರು. "ಇಂಥ ಹೆಣ್ಗಿ ನಾ ಕಂಡದ್ದೇ ಇಲ್ಲೆ" ಎಂದರು. ನಿಮ್ಮ ಕಡೆಯ ಸಾಲನ್ನು ಓದಿ ಹೇಳಿದೆ. ಎದ್ದು ಹೋಗಿ ಜೀಪು ತೊಳೆಯಲು ಶುರು ಮಾಡಿದರು. ತೊಳೆದದ್ದನ್ನೇ ತೊಳೆಯುತ್ತಿದ್ದರು.

ನಿನ್ನೆ ಪೂರ್ತಿ ಸುತ್ತಿದ್ದಾರೆ. ಡ್ರಮ್ಮು ಅಂಚಿನವರೆಗೆ ತುಂಬಿದೆ, ನಿಮಗೆ ಸಮಾಧಾನವಾಗಲಿ.

ಒಂದು ಮಾತು. ಸುತ್ತಿದ ಮೇಲೆ ಇವರು ತುಂಬ ಹೊತ್ತು ಅದರ ಎದುರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಆಮೇಲೆ ಬಂದು, ಹಗ್ಗದ ವಿಚಾರದಲ್ಲಿ ಮಾವನ ಹತ್ತಿರ ಒಂದು ಮಾತು ಆಡಬೇಕಿತ್ತು ಎಂದರು. ನನಗೆ ಹೇಳಿ, ಬರೆಯುತ್ತೇನೆ ಎಂದೆ. ಬೇಡ, ಅದು ಅವರಿಗೂ ನನಗೂ ಇರುವ ಮಾತು, ಅವರೇ ಕೇಳಿದರೆ ಹೇಳುತ್ತೇನೆ ಎಂದರು. ಅಪ್ಪಯ್ಯ, ಇವರಿಗೆ ನೀವು ಒಂದು ಸಾಲು ಬರೆಯುತ್ತೀರಾ? ಹೆಸರು ಹಾಕಿ, ಒಂದೇ ಸಾಲು.

ವಿನಯಾ


ಗಂಗೊಳ್ಳಿ
30 ಮೇ 2025

ವಿನಯಾ,

ಹಗ್ಗದ ವಿಚಾರದಲ್ಲಿ ನನಗೆ ಮಾತು ಹೇಳುವುದೇ! ಓದಿ ದಂಗಾದೆ. ನಾನು ಹಗ್ಗದಲ್ಲೇ ಉಂಡವನು. ಗುಡ್ಡೆಯ ಮೇಲೆ ಹುಟ್ಟಿದವರು ಹಗ್ಗ ಕಂಡದ್ದು ದನ ಕಟ್ಟಲಿಕ್ಕೆ. ಪೂರ್ತಿ ಸುತ್ತಿದನಲ್ಲ, ಅಷ್ಟು ಸಾಕು.

ನೀನು ಬೇಸರ ಮಾಡಬೇಡ. ಬರೆಯುವುದಿಲ್ಲ ಎಂದಲ್ಲ. ಮೂರು ವರ್ಷ ಬರೆಯದವನು ಏನೆಂದು ಶುರು ಮಾಡಬೇಕು ಎನ್ನುವುದೇ ತೋಚುವುದಿಲ್ಲ. ಮಳೆಗಾಲ ಒಂದು ಸುಸೂತ್ರ ಕಳೆಯಲಿ. ಚೌತಿಗೆ ಇಬ್ಬರೂ ಬನ್ನಿ. ಎದುರಿಗೆ ಕೂತರೆ ಮಾತು ತಾನೇ ಬರುತ್ತದೆ.

ಮಳೆ ಹಿಡಿದಿದೆ. ಬೋಟುಗಳೆಲ್ಲ ಬಂದರು ಸೇರಿದವು. ಮೊದಲ ಸಲ ನನಗೆ ಮಳೆ ಕಂಡು ಹೆದರಿಕೆಯಾಗುತ್ತಿಲ್ಲ.

ಅಪ್ಪಯ್ಯ


ಮಣಿಪಾಲದ ಆಸ್ಪತ್ರೆಯಿಂದ
24 ಜುಲೈ 2025

ಅಪ್ಪಯ್ಯ,

ಸುಜನ್ ಕೈಯಲ್ಲಿ ಈ ಚೀಟಿ ಕೊಟ್ಟು ಕಳಿಸುತ್ತಿದ್ದೇನೆ. ಅಮ್ಮನನ್ನು ಕೂರಿಸಿಕೊಂಡು ಓದಿ.

ಮೊನ್ನೆ ಮಧ್ಯಾಹ್ನ ಜಾರುಗುಡ್ಡೆಯಲ್ಲಿ ಜೀಪು ಜಾರಿತು. ಯತೀಶರ ಎಡಗಾಲು ಜೀಪಿಗೂ ದಾರಿ ಬದಿಯ ಮಣ್ಣಿನ ದರೆಗೂ ನಡುವೆ ಸಿಕ್ಕಿತು. ನಿನ್ನೆ ಮೊಣಕಾಲಿನ ಕೆಳಗೆ ತೆಗೆದರು. ಜೀವಕ್ಕೆ ಭಯವಿಲ್ಲ ಎನ್ನುತ್ತಾರೆ.

ನಾನು ಸಹಿ ಹಾಕಿದೆ, ಅಪ್ಪಯ್ಯ. ಕಾಲು ತೆಗೆಯುವ ಕಾಗದಕ್ಕೆ ನಾನೇ ಸಹಿ ಹಾಕಿದೆ.

ವಿನಯಾ


ಗಂಗೊಳ್ಳಿ
31 ಜುಲೈ 2025

ವಿನಯಾ,

ನಾವು ಬಂದದ್ದನ್ನು ನೀನು ಕಂಡೆ. ಜಲಜ ಒಳಗೆ ಬಂದಳು. ನಾನು ವಾರ್ಡಿನ ಬಾಗಿಲಿನವರೆಗೆ ಬಂದು, ಹೊದಿಕೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಚಪ್ಪಟೆಯಾಗಿದ್ದದ್ದನ್ನು ಕಂಡೆ. ಅಲ್ಲಿಂದಲೇ ತಿರುಗಿ ಹೊರಗೆ ಹೋದೆ. ಕಡಲಿನಲ್ಲಿ ಹೆಣ ಎತ್ತಿದವನು ನಾನು. ಆ ಹೊದಿಕೆಯನ್ನು ನೋಡಲಾಗಲಿಲ್ಲ.

ಒಂದು ವಾರದಿಂದ ನನಗೆ ಒಂದೇ ಯೋಚನೆ. ಇದು ಹೇಗಾಯಿತು? ವಿಂಚ್ ಇತ್ತು, ಹಗ್ಗ ಇತ್ತು, ಮರ ಇತ್ತು. ನಾನು ಆವತ್ತೇ ಹೇಳಿದೆ, ಹನ್ನೆರಡು ಸಾವಿರದ್ದು ತನ್ನಿ ಎಂದು. ನಾಲ್ಕು ಟನ್ನು ಸಾಕು ಎಂದು ಲೆಕ್ಕ ಹಾಕಿದವರು ಈಗ ಏನು ಹೇಳುತ್ತಾರೆ? ನಾಳೆ ನಾನು ಬ್ರಹ್ಮಾವರಕ್ಕೆ ಹೋಗಿ ಆ ಹರ್ಷನ ಗಾಜಿನ ಕಪಾಟಿನ ಎದುರು ನಿಂತು ಕೇಳುತ್ತೇನೆ, ಇಂಥ ಮಾಲು ಯಾಕೆ ಮಾರಿದೆ ಎಂದು. ನನ್ನ ಮಾತು ಒಂದು ಕೇಳಿದ್ದರೆ ಆ ಕಾಲು ಇರುತ್ತಿತ್ತು.

ಅಪ್ಪಯ್ಯ


ಮಣಿಪಾಲದ ಆಸ್ಪತ್ರೆಯಿಂದ
12 ಆಗಸ್ಟ್ 2025

ಅಪ್ಪಯ್ಯನಿಗೆ,

ಹರ್ಷನ ಅಂಗಡಿಗೆ ಹೋಗಬೇಡಿ. ಹೋಗಿದ್ದರೆ ಮತ್ತೊಮ್ಮೆ ಹೋಗಿ ತಪ್ಪಾಯಿತು ಎಂದು ಹೇಳಿ ಬನ್ನಿ.

ಜೀಪನ್ನು ಗುಡ್ಡೆಯಿಂದ ತಂದದ್ದು ರತೀಶ್. ತಂದವನು ನೇರ ಇಲ್ಲಿಗೆ ಬಂದು ನನ್ನನ್ನು ಹೊರಗೆ ಕರೆದ. "ಇಷ್ಟ್ ಹಗ್ಗ ಆ ಡ್ರಮ್ಮಿಗೆ ಸುತ್ತದ್ ಯಾರ್?" ಎಂದು ಕೇಳಿದ. ನನ್ನ ಅಪ್ಪಯ್ಯ ಕಳಿಸಿದ್ದು ಎಂದೆ. ಅವನು ತಲೆಗೆ ಕೈ ಇಟ್ಟುಕೊಂಡು ಅಲ್ಲೇ ಮೆಟ್ಟಿಲಿನ ಮೇಲೆ ಕೂತ.

ಅವನು ಹೇಳಿದ್ದನ್ನು ಹೇಳುತ್ತೇನೆ. ವಿಂಚ್ ನಾಲ್ಕು ಟನ್ನು ಎಳೆಯುವುದು ಹಗ್ಗ ಬಹುಪಾಲು ಹೊರಗೆ ಹೋಗಿ, ಡ್ರಮ್ಮಿನ ಮೇಲೆ ಒಂದೇ ಪದರ ಉಳಿದಿರುವಾಗ. ಸುತ್ತಿನ ಮೇಲೆ ಸುತ್ತು ಬಿದ್ದು ಸುರುಳಿ ದಪ್ಪವಾದಷ್ಟೂ ಎಳೆತ ಕಡಿಮೆ. ಹಲಸಿನ ಮರ ಇರುವುದು ಏಳೆಂಟು ಮಾರು ದೂರದಲ್ಲಿ. ಮೂವತ್ತು ಮಾರಿನಲ್ಲಿ ಅಷ್ಟು ಹೊರಗೆ ಬಂದರೆ ಉಳಿದದ್ದೆಲ್ಲ ಡ್ರಮ್ಮಿನ ಮೇಲೇ. ನಾಲ್ಕು ಟನ್ನಿನ ವಿಂಚ್ ಎರಡೂವರೆ ಟನ್ನಿನದಾಯಿತು. ನೀವು ಹೇಳಿದ ಹನ್ನೆರಡು ಸಾವಿರದ್ದು ಹಾಕಿ ಅದಕ್ಕೂ ಹೀಗೆ ತುಂಬಿದ್ದರೆ ಅದೂ ಸೊರಗುತ್ತಿತ್ತು.

ಅವತ್ತು ನಮ್ಮ ಪಕ್ಕದ ಮನೆಯ ವಯಸ್ಸಾದ ಅಪ್ಪಿಯನ್ನು ಕಣ್ಣಿನ ಆಪರೇಷನ್ ಮಾಡಿಸಿ ಕರೆತರುತ್ತಿದ್ದರು. ನಡು ಏರಿನಲ್ಲಿ ವಿಂಚ್ ಗೊರಗೊರ ಎಂದು ನಿಂತುಬಿಟ್ಟಿತು. ಇವರು ಚಕ್ರಕ್ಕೆ ಕಲ್ಲು ಕೊಟ್ಟು, ಮೊದಲು ಅಪ್ಪಿಯನ್ನು ಎತ್ತಿ ಇಳಿಸಿದರು. ಮರದಲ್ಲಿ ಬಾವಿಯ ರಾಟೆಯಂಥ ಕಪ್ಪಿ ಹಾಕಿ ಹಗ್ಗವನ್ನು ಎರಡಾಗಿ ಎಳೆದರೆ ಬಲ ಇಮ್ಮಡಿಯಾಗುತ್ತದೆ, ಹಾಗೆ ಮಾಡಲು ಹೋದರು. ಆದರೆ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ಕಚ್ಚಿ ಕೂತಿತ್ತು. ಬಿಡಿಸುತ್ತಿರುವಾಗ ಕಲ್ಲು ಜಾರಿತು, ಜೀಪು ಹಿಂದಕ್ಕೆ ಸರಿದು ಮೂಗು ದರೆಯ ಕಡೆ ತಿರುಗಿಸಿತು.

ಇದೆಲ್ಲ ಕೇಳಿ ನನಗೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ. ಗೊತ್ತಿಲ್ಲದೆ ಆದದ್ದು ಎಂದುಕೊಂಡೆ. ಆಮೇಲೆ ರತೀಶ್ ಹೇಳಿದ, "ಇದ್ ಯತೀಶಂಗ್ ಗೊತ್ತಿತ್ತ್. ಹಗ್ಗ ಜಾಸ್ತಿ ಸುತ್ತುಕಾಗ ಅಂದೇಳಿ ಫಿಟ್ ಮಾಡುವತ್ತಿಗೆ ನಂಗೇ ಹೇಳಿದ್ದ."

ನಾನು ಒಳಗೆ ಹೋಗಿ ಕೇಳಿದೆ. ಗೊತ್ತಿತ್ತಾ?

"ಗೊತ್ತಿತ್ತ್."

ಮತ್ತೆ ಯಾಕೆ ಕತ್ತರಿಸಲಿಲ್ಲ?

ಗೋಡೆಯ ಕಡೆ ಮುಖ ಮಾಡಿ ಹೇಳಿದರು, "ಮಾವ ಮೊದಲ್ನೇ ಸಲ ಕೊಟ್ಟದ್ದ್. ಅವ್ರ್ ಕೈಯಾರೆ ಹೆಣ್ದದ್ದ್. ಅದಕ್ಕೆ ಕತ್ತಿ ಹಾಕೂಕೆ ನಂಗ್ ಮನ್ಸ್ ಬರ್ಲಿಲ್ಲೆ. ಅವ್ರ್ ಒಂದ್ ಮಾತ್ ಕೇಂಡ್ರೆ ಹೇಳುವ ಅಂದೇಳಿ ಇದ್ದೆ. ನಿನ್ ಕೈಯಗೆ ಹೇಳ್ಸಿರೆ ನೀವ್ ಅಪ್ಪ ಮಗಳ್ ಮತ್ತೆ ಮಾತ್ ಬಿಡ್ತಿದ್ರಿ."

ಆಗ ಬಂತು ಸಿಟ್ಟು. ನಿಮ್ಮ ಮೇಲೆ, ಅವರ ಮೇಲೆ, ನಡುವೆ ಕೂತು ಬರೆಯುತ್ತಿದ್ದ ನನ್ನ ಮೇಲೆ. ನೀವು ನನ್ನನ್ನು ಕೇಳಿದಿರಿ, ಸುಜನನನ್ನು ಕೇಳಿದಿರಿ, ಬ್ರಹ್ಮಾವರದ ಅಂಗಡಿಯವನನ್ನು ಎರಡು ಸಲ ಕೇಳಿದಿರಿ. ಜೀಪು ಓಡಿಸುವವನನ್ನು ಕೇಳಲಿಲ್ಲ. ಒಂದೇ ಸಾಲು ಬೇಡಿದ್ದೆ, ಅಪ್ಪಯ್ಯ.

ಇನ್ನು ನನಗೆ ಬರೆಯಬೇಡಿ.

ವಿನಯಾ


ಗಂಗೊಳ್ಳಿ
7 ಸೆಪ್ಟೆಂಬರ್ 2025

ಚಿರಂಜೀವಿ ಯತೀಶನಿಗೆ,

ಇದು ಎಷ್ಟನೆಯ ಕಾಗದ ಎಂದು ಜಲಜಳನ್ನು ಕೇಳು. ಬರೆದದ್ದನ್ನೆಲ್ಲ ಹರಿದಿದ್ದೇನೆ. ವಿನಯಾ ನನಗೆ ಬರೆಯಬೇಡ ಎಂದಿದ್ದಾಳೆ. ನಿನಗೆ ಬರೆಯಬೇಡ ಎಂದಿಲ್ಲ.

ಅವಳ ಕಾಗದ ಓದಿದ ದಿನ ನಾನು ಬಂದರಿಗೆ ಹೋದೆ. ದಡದಲ್ಲಿ ನಿಂತ ಬೋಟು ಹತ್ತಿ ವಿಂಚಿನ ಎದುರು ಕೂತೆ. ಬಲೆ ಎಳೆಯುವಾಗ ಮೊದಮೊದಲು ಹಗ್ಗ ನಿಧಾನಕ್ಕೆ ಗಟ್ಟಿಯಾಗಿ ಬರುತ್ತದೆ. ಡ್ರಮ್ಮು ತುಂಬುತ್ತ ಬಂದ ಹಾಗೆ ಬೇಗ ಬೇಗ ಬರುತ್ತದೆ, ಎಂಜಿನ್ ಹೊಗೆ ಕಾರುತ್ತದೆ. ಇದನ್ನು ನಾನು ಆಯಸ್ಸಿಡೀ ಕಂಡಿದ್ದೇನೆ. ಬೇಗ ಬರುವುದು ಬಲ ಕಳೆದುಕೊಂಡೇ ಬರುತ್ತದೆ ಎಂದು ಒಂದು ದಿನವೂ ಯೋಚನೆ ಮಾಡಲಿಲ್ಲ. ಎಂಜಿನ್ ದೊಡ್ಡದಿತ್ತು, ನಡೆಯಿತು. ಕಣ್ಣೆದುರು ಇದ್ದದ್ದು ಕಾಣದೆ ಹೋಯಿತಲ್ಲ. ಕೂತಲ್ಲಿಂದ ನನ್ನನ್ನು ಇಬ್ಬರು ಹಿಡಿದು ಇಳಿಸಿದರು.

ನಿನ್ನ ಮದುವೆಗೆ ನಾನು ಬರಲಿಲ್ಲ. ಬೋಟಿನ ಮಾಲೀಕರ ಮನೆಯ ಸಂಬಂಧಕ್ಕೆ ನಾನು ಮಾತು ಕೊಟ್ಟಿದ್ದೆ, ಮಗಳು ನಿನ್ನ ಜೀಪು ಹತ್ತಿದಳು. ಅದಕ್ಕೆ ನಿನ್ನ ಹೆಸರು ಹೇಳದೆ ಮೂರು ವರ್ಷ ಕಳೆದೆ. ಅದೆಂಥ ದೊಡ್ಡ ವಿಚಾರವಾಗಿತ್ತು ನನಗೆ! ಈಗ ನೆನೆಸಿದರೆ ನಾಚಿಕೆಯಾಗುತ್ತದೆ, ಮುಖ ತೋರಿಸಲು ಹೆದರಿಕೆಯಾಗುತ್ತದೆ.

ನಿನ್ನ ಕಾಲು ನನ್ನಿಂದ ಬರುವುದಿಲ್ಲ. ಕೇಳಬೇಕಾದದ್ದನ್ನು ಈಗ ಕೇಳುತ್ತಿದ್ದೇನೆ. ಹಗ್ಗದ ವಿಚಾರದಲ್ಲಿ ನನ್ನ ಹತ್ತಿರ ನೀನು ಆಡಬೇಕೆಂದಿದ್ದ ಮಾತು ಏನು? ನೀನೇ ಹೇಳು. ಬೈಗುಳವಾದರೂ ಸರಿ.

ನಿನ್ನ ಮಾವ
ಶೇಖರ


ಕಲ್ಲುಮಕ್ಕಿ
18 ಸೆಪ್ಟೆಂಬರ್ 2025

ಮಾವನವರಿಗೆ,

ಕಾಗದ ತಲುಪಿತು. ವಿನಯಾ ಒಡೆಯದೆ ತಂದು ನನ್ನ ಕೈಗೆ ಕೊಟ್ಟಳು. ಓದಿ ಆದಮೇಲೆ ಅವಳೂ ಓದಿದಳು. ಮಡಚಿ ನನ್ನ ದಿಂಬಿನ ಅಡಿಯಲ್ಲಿಟ್ಟಳು.

ಅವತ್ತು ಹೇಳಬೇಕೆಂದಿದ್ದ ಮಾತು ಇಷ್ಟೇ. ಹದಿನಾಲ್ಕು ಮಾರು ಸಾಕು, ಉಳಿದದ್ದನ್ನು ಬೇರೆ ಸುರುಳಿ ಮಾಡಿ ಸೀಟಿನ ಅಡಿಯಲ್ಲಿ ಇಡೋಣ, ದೂರದ ಮರ ಬೇಕಾದಾಗ ಜೋಡಿಸೋಣ, ಕತ್ತರಿಸುವ ಕೆಲಸ ನೀವೇ ಬಂದು ನಿಮ್ಮ ಕೈಯಾರೆ ಮಾಡಿ ಎಂದು. ಅದೊಂದು ನೆವದಲ್ಲಾದರೂ ನೀವು ಮನೆಗೆ ಬರುತ್ತೀರಿ ಎಂಬ ಆಸೆ ಇತ್ತು. ಅದಕ್ಕೇ ಕಾದೆ. ನಿಮ್ಮೊಬ್ಬರ ತಪ್ಪು ಎಂದು ನಾನು ಎಲ್ಲಿಯೂ ಹೇಳಿಲ್ಲ. ನನ್ನದೂ ಇದೆ.

ಎಡಗಾಲು ಇಲ್ಲದೆ ಕ್ಲಚ್ ತುಳಿಯಲಾಗುವುದಿಲ್ಲ. ವಿನಯಾ ಜೀಪು ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬರುವ ಸೋಮವಾರದಿಂದ ರತೀಶ್ ಕಲಿಸುತ್ತಾನೆ. ಬೆಳಗ್ಗೆ ಹೋದರೆ ಬರುವುದು ಮಧ್ಯಾಹ್ನ. ಆ ಹೊತ್ತು ಮನೆಯಲ್ಲಿ ನಾನೊಬ್ಬನೇ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಲು ಯಾರಾದರೂ ಎತ್ತಿ ಹಿಡಿಯಬೇಕು. ಬೇರೆಯವರನ್ನು ಕೇಳಲು ನಾಚಿಕೆಯಾಗುತ್ತದೆ.

ನೀವು ಬರುತ್ತೀರಾ?

ನಿಮ್ಮ ಅಳಿಯ
ಯತೀಶ್